ಪದಕದ ಅಂಚಿನ ಬರಹ: ಕೊಂಗುನಾಡಿನ ಕನ್ನಡಿಗರೂ ಮೈಸೂರು ಯುದ್ಧದ ಪದಕಗಳೂ

ಪಲ್ಲಡಂನ ಒಂದು ದೇವಾಂಗ ಮನೆಯಲ್ಲಿ ಚೌಡೇಶ್ವರಿ ಹಬ್ಬದ ಹಾಡುಗಳನ್ನು ಬರೆದುಕೊಳ್ಳುತ್ತಿದ್ದಾಗ, ಮನೆಯ ಹಿರಿಯರು ದೇವರ ಪೆಟ್ಟಿಗೆಯಿಂದ ಬೆಳ್ಳಿಯ ಬಿಲ್ಲೆಯೊಂದನ್ನು ತೆಗೆದು ನನ್ನ ಕೈಗಿತ್ತರು. ಹಬ್ಬದ ದಿನ ದೇವಿಯ ಕಳಶದ ಬಳಿ ಅದನ್ನೂ ಇಟ್ಟು ಪೂಜಿಸುವುದು ಆ ಮನೆಯ ವಾಡಿಕೆ. ಒಂದು ಮುಖದಲ್ಲಿ ಐದನೆಯ ಜಾರ್ಜ್ ದೊರೆಯ ತಲೆ. ಇನ್ನೊಂದು ಮುಖದಲ್ಲಿ ಬೆತ್ತಲೆಯ ಕುದುರೆ ಸವಾರ, ಕುದುರೆಯ ಕಾಲ ಕೆಳಗೆ ಪ್ರಷ್ಯದ ಹದ್ದಿನ ಗುರಾಣಿ, ಅಂಚಿನ ಬಳಿ 1914 ಮತ್ತು 1918 ಎಂಬ ಎರಡು ಇಸವಿಗಳು. ಮೊದಲ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದವರಿಗೆ ಬ್ರಿಟಿಷ್ ಸರ್ಕಾರ ಕೊಟ್ಟ ಯುದ್ಧಪದಕವದು. 36 ಮಿಲಿಮೀಟರ್ ವ್ಯಾಸದ ಇಂತಹ ಪದಕಗಳು ಲಕ್ಷಗಟ್ಟಲೆ ಅಚ್ಚಾಗಿವೆ. ಆ ದೃಷ್ಟಿಯಿಂದ ಅದು ಅಪರೂಪದ ವಸ್ತುವೇನಲ್ಲ.

ಅಪರೂಪವಾದುದು ಅದರ ಅಂಚಿನಲ್ಲಿತ್ತು, ಅಥವಾ ಇರಬೇಕಿತ್ತು. ಈ ಪದಕಗಳ ಅಂಚಿನ ಮೇಲೆ ಸೈನಿಕನ ಸಂಖ್ಯೆ, ದರ್ಜೆ, ಹೆಸರು, ದಳ ಇಷ್ಟನ್ನೂ ರೋಮನ್ ಅಕ್ಷರಗಳಲ್ಲಿ ಒತ್ತಿರುತ್ತಾರೆ. ಮೂರು ತಲೆಮಾರುಗಳ ಕಾಲ ಪ್ರತಿ ಹಬ್ಬಕ್ಕೂ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದ್ದರಿಂದ ಆ ಬರಹ ಬಹುಪಾಲು ಅಳಿಸಿಹೋಗಿತ್ತು. ಭೂತಗನ್ನಡಿ ಹಿಡಿದು ನೋಡಿದಾಗ ಸಂಖ್ಯೆಯ ಕೊನೆಯ ಎರಡು ಅಂಕಿಗಳು, ಹೆಸರಿನ ಮೊದಲ ಮೂರು ಅಕ್ಷರಗಳು, ಸ್ಯಾಪರ್ಸ್ ಅಂಡ್ ಮೈನರ್ಸ್ ದಳವನ್ನು ಸೂಚಿಸುವ ಸಂಕ್ಷೇಪ, ಇಷ್ಟು ಮಾತ್ರ ಸಿಕ್ಕವು. ಮನೆಯವರು ಹೇಳುವ ಹೆಸರು ಕನ್ನಡದ್ದು. ಅಂಚಿನಲ್ಲಿ ಉಳಿದ ಮೂರು ಅಕ್ಷರಗಳು ಅದಕ್ಕೆ ಹೊಂದಲೂಬಹುದು, ಹೊಂದದಿರಲೂಬಹುದು. ಮನೆಯ ಮಾತು ಕನ್ನಡ, ಬೀದಿಯ ಮಾತು ತಮಿಳು, ಪದಕದ ಮಾತು ಇಂಗ್ಲಿಷ್ ಆಗಿದ್ದ ಆ ಮನೆಯಲ್ಲಿ ನನಗೆ ಎದುರಾದ ಪ್ರಶ್ನೆಯೇ ಈ ಲೇಖನಕ್ಕೆ ಮೂಲ: ಪದಕವನ್ನು ಪಠ್ಯವೆಂದು ಓದುವುದಾದರೆ ಅದು ಯಾರ ಭಾಷೆಯಲ್ಲಿ, ಯಾರನ್ನು ಕುರಿತು, ಯಾರಿಗಾಗಿ ಮಾತನಾಡುತ್ತದೆ? ಕೊಂಗುನಾಡಿನ ಕನ್ನಡಿಗರಂಥ ಭಾಷಾ ಅಲ್ಪಸಂಖ್ಯಾತರ ಚರಿತ್ರೆಗೆ ಅದು ಎಷ್ಟರಮಟ್ಟಿಗೆ ಆಕರವಾದೀತು?

ಮೂರು ಮುಖಗಳ ಪಠ್ಯ

ಪದಕ ಸಂಗ್ರಹವೆಂದರೆ ನಾಣ್ಯ ಸಂಗ್ರಹದ ಒಂದು ಕವಲೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಟಂಕಸಾಲೆ, ಲೋಹ, ತೂಕ, ಅಚ್ಚು ಇವೆಲ್ಲ ಎರಡಕ್ಕೂ ಸಮಾನವಾದ ಕಾರಣ ಈ ಭಾವನೆ ಸಹಜವೇ. ಆದರೆ ನಾಣ್ಯಕ್ಕೆ ಒಡೆಯನೆಂಬುವನಿಲ್ಲ. ಕೈಯಿಂದ ಕೈಗೆ ಸಾಗುವುದೇ ಅದರ ಧರ್ಮ. ಪದಕವನ್ನು ಒಬ್ಬ ವ್ಯಕ್ತಿಗೆಂದು ಕೊಡಲಾಗುತ್ತದೆ. ಅದು ಅವನಲ್ಲಿಯೇ ನಿಲ್ಲಬೇಕೆಂಬುದು ಕೊಟ್ಟವರ ನಿರೀಕ್ಷೆ. ಆದ್ದರಿಂದ ನಾಣ್ಯಶಾಸ್ತ್ರದ ಕ್ರಮಗಳನ್ನು ಪದಕಕ್ಕೆ ಅನ್ವಯಿಸುವಾಗ ಒಂದು ಸೇರ್ಪಡೆ ಅಗತ್ಯ. ನಾಣ್ಯದಲ್ಲಿ ಎರಡು ಮುಖಗಳನ್ನು ಓದಿದರೆ ಬಹುಮಟ್ಟಿಗೆ ಸಾಕು. ಪದಕಕ್ಕೆ ಮೂರು ಮುಖಗಳು: ಮುಮ್ಮುಖ, ಹಿಮ್ಮುಖ, ಅಂಚು. ಮೊದಲೆರಡು ಕೊಟ್ಟ ಪ್ರಭುತ್ವದ ಮಾತು. ಮೂರನೆಯದು ಮಾತ್ರ ಪಡೆದವನ ಕುರುಹು.

ಈ ಮೂರರ ಜೊತೆಗೆ ನಾಲ್ಕನೆಯ ಪದರವೊಂದಿದೆ. ಪದಕ ಮನೆ ಸೇರಿದ ಮೇಲೆ ಮನೆಯವರು ಅದಕ್ಕೆ ಮಾಡಿದ ಉಪಚಾರದ ಗುರುತುಗಳವು: ಕೊರಳಿಗೆ ಕಟ್ಟಲು ಬೆಸೆದ ಕೊಂಡಿ, ಮಗುವಿನ ಉಡಿದಾರಕ್ಕೆಂದು ಕೊರೆದ ತೂತು, ತಿಕ್ಕಿ ಸವೆದ ಹೊಳಪು, ಗಿರವಿ ಅಂಗಡಿಯವನು ಬೆಳ್ಳಿಯ ಶುದ್ಧಿ ನೋಡಲು ಎಳೆದ ಗೀರು. ಮಾರುಕಟ್ಟೆಯ ಲೆಕ್ಕದಲ್ಲಿ ಇವು ದೋಷಗಳು, ಬೆಲೆ ಇಳಿಸುವಂಥವು. ಸಂಶೋಧಕನಿಗೆ ಇವೂ ಬರಹವೇ.

1792ರ ಪದಕ ಮತ್ತು ಕೊಯಮತ್ತೂರು

ಕೊಂಗುನಾಡನ್ನು ಮುಟ್ಟುವ ಪದಕಗಳಲ್ಲಿ ಅತ್ಯಂತ ಹಳೆಯದು ಈಸ್ಟ್ ಇಂಡಿಯಾ ಕಂಪನಿಯು ಮೂರನೆಯ ಮೈಸೂರು ಯುದ್ಧದ ನೆನಪಿಗೆ ಕಲ್ಕತ್ತೆಯಲ್ಲಿ ಅಚ್ಚು ಮಾಡಿಸಿದ ಮೈಸೂರು ಪದಕ. ಬಂಗಾಳ ಸೇನೆಯ ದೇಶೀಯ ಸೈನಿಕರಿಗಾಗಿ ಅದನ್ನು ಮಾಡಿಸಲಾಯಿತು. ಸುಬೇದಾರರಿಗೆ ಚಿನ್ನ, ಉಳಿದ ದರ್ಜೆಗಳವರಿಗೆ ಬೆಳ್ಳಿ. ಬೆಳ್ಳಿಯಲ್ಲಿಯೂ ದರ್ಜೆಗೆ ತಕ್ಕಂತೆ ದೊಡ್ಡ ಅಳತೆ, ಸಣ್ಣ ಅಳತೆ. ಹಳದಿ ರೇಷ್ಮೆಯ ಹುರಿಯಲ್ಲಿ ಕಟ್ಟಿ ಕೊರಳಲ್ಲಿ ಧರಿಸುವ ಪದಕವದು.

ಮುಮ್ಮುಖದಲ್ಲಿ ಒಬ್ಬ ಸಿಪಾಯಿ. ಅವನ ಕೈಯಲ್ಲಿ ಬ್ರಿಟಿಷ್ ಧ್ವಜ ಮೇಲೆದ್ದಿದೆ, ಶತ್ರುವಿನ ಧ್ವಜ ತಲೆಕೆಳಗಾಗಿದೆ. ಗಾಲಿ ಕಳಚಿದ ಫಿರಂಗಿಯೊಂದರ ಮೇಲೆ ಅವನ ಕಾಲು. ಹಿಂದೆ ಒಂದು ಕೋಟೆ. ಹಿಮ್ಮುಖದ ನಡುವೆ ಎಲೆಗಳ ಮಾಲೆಯೊಳಗೆ, ಮೈಸೂರಿನಲ್ಲಿ ಸಲ್ಲಿಸಿದ ಸೇವೆಗಾಗಿ ಎಂಬ ಅರ್ಥದ ಇಂಗ್ಲಿಷ್ ಬರಹ ಮತ್ತು 1791–1792 ಎಂಬ ಇಸವಿಗಳು. ಅದರ ಸುತ್ತ ಪಾರಸಿ ಬರಹ. ಇಂಗ್ಲಿಷ್ ಬರಹ ನಾಲ್ಕಾರು ಪದಗಳಲ್ಲಿ ಮುಗಿದರೆ, ಪಾರಸಿಯದು ಸ್ವಲ್ಪ ದೀರ್ಘ. ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸರ್ಕಾರಕ್ಕೆ ನಿಷ್ಠೆಯಿಂದ ಸಲ್ಲಿಸಿದ ಸೇವೆಯ ನೆನಪಿಗೆ ಎಂಬ ವಿವರಣೆ ಮತ್ತು ಕ್ರಿಸ್ತಶಕ, ಹಿಜರಿ ಶಕ ಎರಡೂ ಅದರಲ್ಲಿವೆ. ಇಂಗ್ಲಿಷಿನಲ್ಲಿ 'ಸೇವೆ' ಎಂದಷ್ಟೇ ಇರುವುದು ಪಾರಸಿಯಲ್ಲಿ 'ನಿಷ್ಠೆಯ ಸೇವೆ'ಯಾಗಿದೆ. ಕೊಡುವವನು ತನ್ನ ಭಾಷೆಯಲ್ಲಿ ಹೇಳಬೇಕಿಲ್ಲದ್ದನ್ನು ಪಡೆಯುವವನ ಆಸ್ಥಾನಭಾಷೆಯಲ್ಲಿ ಹೇಳಬೇಕಾಯಿತು. ಅನುವಾದದ ವಿದ್ಯಾರ್ಥಿಗಳು ಈ ಅಂತರವನ್ನು ಗಮನಿಸಬೇಕು.

ಈಗ ಈ ಪದಕವನ್ನು ಕೊಯಮತ್ತೂರಿನಿಂದ ನೋಡೋಣ. ಹದಿನೇಳನೆಯ ಶತಮಾನದಿಂದ ಮೈಸೂರಿನ ಅರಸರ ಕೈಗೆ ಬರತೊಡಗಿದ್ದ ಕೊಂಗುನಾಡು ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಮೈಸೂರಿನದೇ ಸೀಮೆಯಾಗಿತ್ತು. ಮೂರನೆಯ ಯುದ್ಧದ ಮೊದಲ ವರ್ಷದ ಕಾಳಗ ನಡೆದದ್ದು ಬಹುಮಟ್ಟಿಗೆ ಇಲ್ಲಿಯೇ. 1790ರ ಬೇಸಗೆಯ ಕೊನೆಯಲ್ಲಿ ಜನರಲ್ ಮೆಡೋಸ್‌ನ ಸೇನೆ ಕರೂರು, ಧಾರಾಪುರಂಗಳನ್ನು ಹಿಡಿದು ಜುಲೈ ತಿಂಗಳಲ್ಲಿ ಕೊಯಮತ್ತೂರನ್ನು ಸೇರಿತು. ಸೆಪ್ಟೆಂಬರಿನಲ್ಲಿ ಟಿಪ್ಪು ಗಜ್ಜಲಹಟ್ಟಿ ಕಣಿವೆಯಿಳಿದು ಬಂದು ಸತ್ಯಮಂಗಲದ ಬಳಿ ಕರ್ನಲ್ ಫ್ಲಾಯ್ಡ್‌ನ ದಳವನ್ನು ಹಿಂದೆ ಸರಿಸಿದನು. 1791ರಲ್ಲಿ ಕೊಯಮತ್ತೂರಿನ ಶಿಥಿಲ ಕೋಟೆಯನ್ನು ಲೆಫ್ಟಿನೆಂಟ್ ಚಾಮರ್ಸ್ ಎಂಬ ಕಿರಿಯ ಅಧಿಕಾರಿ, ಕೆಲವು ನೂರು ಜನ ತೋಪಾಸಿಗಳು ಮತ್ತು ತಿರುವಾಂಕೂರಿನ ಸೈನಿಕರನ್ನು ಇಟ್ಟುಕೊಂಡು ತಿಂಗಳುಗಟ್ಟಲೆ ಕಾಪಾಡಿದನು. ಎರಡನೆಯ ಮುತ್ತಿಗೆಯ ಕೊನೆಗೆ, ನವೆಂಬರಿನಲ್ಲಿ, ಅದನ್ನು ಮೈಸೂರಿನ ಸೇನೆಗೆ ಒಪ್ಪಿಸಬೇಕಾಯಿತು.

ಪದಕದ ಮೇಲಿನ ಇಸವಿಗಳಲ್ಲಿ 1790 ಇಲ್ಲ. ಬಂಗಾಳದ ಸೈನಿಕರು ಕಾರ್ನ್‌ವಾಲಿಸ್‌ನೊಡನೆ ಬೆಂಗಳೂರು, ಶ್ರೀರಂಗಪಟ್ಟಣಗಳ ಕಡೆಗೆ ನಡೆದ ಎರಡು ವರ್ಷಗಳು ಮಾತ್ರ ಅದರಲ್ಲಿವೆ. ಕೊಯಮತ್ತೂರಿನ ಕೋಟೆಯಲ್ಲಿ ನಿಂತವರು ಬಂಗಾಳದವರಲ್ಲ. ಆದ್ದರಿಂದ ಈ ಪದಕದ ವ್ಯಾಪ್ತಿಗೆ ಅವರು ಬರುವುದಿಲ್ಲ. ಮೈಸೂರಿನ ಪರವಾಗಿ ಹೋರಾಡಿದ ಕನ್ನಡ, ತಮಿಳು, ದಕ್ಖಿನಿ ಮಾತಿನ ಸೈನಿಕರಂತೂ ತಲೆಕೆಳಗಾದ ಆ ಧ್ವಜದಲ್ಲಿ ಮಾತ್ರ ಇದ್ದಾರೆ. ಇನ್ನು, 1792ರ ಮಾರ್ಚಿಯಲ್ಲಿ ಆದ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಮಲಬಾರ್, ಕೊಡಗು, ಬಾರಾಮಹಲ್, ದಿಂಡಿಗಲ್ ಸೀಮೆಗಳು ಟಿಪ್ಪುವಿನ ಕೈಬಿಟ್ಟವು. ಕೊಯಮತ್ತೂರು ಅವನಲ್ಲಿಯೇ ಉಳಿಯಿತು. ಅಂದರೆ ಆ ಪದಕದ ಮೇಲೆ 'ಮೈಸೂರು' ಎಂದು ಬರೆದಾಗ ಪಲ್ಲಡವೂ ಆ ಹೆಸರಿನೊಳಗೆ ಸೇರಿತ್ತು.

1799ರ ಪದಕ: ಸಿಂಹದ ಬಾಯಲ್ಲಿ ಹುಲಿಯ ಮಾತು

ಏಳು ವರ್ಷಗಳ ನಂತರ ಈ ಸ್ಥಿತಿ ಬದಲಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದನು. ಮೈಸೂರಿನ ಹಂಚಿಕೆಯಲ್ಲಿ ಕೊಯಮತ್ತೂರು ಕಂಪನಿಗೆ ಸೇರಿ ಮದರಾಸು ಪ್ರಾಂತದ ಭಾಗವಾಯಿತು. ಈ ಜಯದ ಪದಕವನ್ನು ಬರ್ಮಿಂಗ್‌ಹ್ಯಾಮ್ ನಗರದ ಬಳಿ ಮ್ಯಾಥ್ಯೂ ಬೌಲ್ಟನ್‌ನ ಸೋಹೋ ಟಂಕಸಾಲೆಯಲ್ಲಿ ಕೋನ್ರಾಡ್ ಹೈನ್‌ರಿಖ್ ಕ್ಯೂಕ್ಲರ್ ಎಂಬ ಶಿಲ್ಪಿ ರೂಪಿಸಿದನು. ಚಿನ್ನ, ಚಿನ್ನದ ಲೇಪವಿರುವ ಬೆಳ್ಳಿ, ಬೆಳ್ಳಿ, ಕಂಚು, ತವರ ಎಂದು ಐದು ಲೋಹಗಳಲ್ಲಿ, ದರ್ಜೆಗೆ ಒಂದು ಲೋಹದಂತೆ ಅದು ಹಂಚಿಕೆಯಾಯಿತು. ಚಿನ್ನದವು ನೂರಕ್ಕೆ ತುಸು ಹೆಚ್ಚು. ಸಾಮಾನ್ಯ ಸೈನಿಕರಿಗೆಂದು ಮಾಡಿದ ತವರದವು ಹತ್ತಾರು ಸಾವಿರ. ಮೆದುವಾದ ತವರ ಬೇಗ ಸವೆಯುತ್ತದೆ, ಬಾಗುತ್ತದೆ, ಕರಗುತ್ತದೆ. ಹೆಚ್ಚು ಸಂಖ್ಯೆಯಲ್ಲಿ ಅಚ್ಚಾದುದೇ ಒಳ್ಳೆಯ ಸ್ಥಿತಿಯಲ್ಲಿ ಸಿಗುವುದು ಕಷ್ಟ. ದೊಡ್ಡವರ ನೆನಪು ಗಟ್ಟಿ ಲೋಹದಲ್ಲಿಯೂ ಸಣ್ಣವರ ನೆನಪು ಮೆದು ಲೋಹದಲ್ಲಿಯೂ ಉಳಿದ ಈ ಕ್ರಮವು ಸಂಗ್ರಹಗಳ ಸ್ವರೂಪವನ್ನೇ ತಿದ್ದಿದೆ.

ಪದಕದ ಒಂದು ಮುಖದಲ್ಲಿ ಶ್ರೀರಂಗಪಟ್ಟಣದ ಕೋಟೆಯ ಬಿರುಕಿನ ಕಡೆಗೆ ನುಗ್ಗುವ ಸೇನೆ. ದಾಳಿ ಹಗಲಿನ ನಡುವೆ ನಡೆಯಿತೆಂದು ಸೂಚಿಸಲು ನೆತ್ತಿಯ ಮೇಲಿನ ಸೂರ್ಯ. ಕೆಳಗೆ, ಕೋಟೆ ದೇವರ ಕೊಡುಗೆಯೆಂದು ಸಾರುವ ಪಾರಸಿ ಬರಹ. ಇನ್ನೊಂದು ಮುಖದಲ್ಲಿ ಬ್ರಿಟಿಷ್ ಸಿಂಹವು ಹುಲಿಯೊಂದನ್ನು ಕೆಡವಿ ಮೆಟ್ಟಿದೆ. ಹುಲಿ ಟಿಪ್ಪುವಿನ ಲಾಂಛನವೆಂಬುದನ್ನು ವಿವರಿಸಬೇಕಿಲ್ಲ. ಕೆಳಗೆ ರೋಮನ್ ಅಂಕಿಗಳಲ್ಲಿ ದಿನಾಂಕ. ಮೇಲೆ ಹಾರುವ ಧ್ವಜದ ಮೇಲೆ ಅರಬ್ಬಿಯಲ್ಲಿ 'ಅಸದ್ ಅಲ್ಲಾಹ್ ಅಲ್ ಗಾಲಿಬ್', ದೇವರ ಸಿಂಹವೇ ವಿಜಯಿ.

ಈ ಮೂರು ಪದಗಳನ್ನು ಕ್ಯೂಕ್ಲರನಾಗಲಿ ಕಂಪನಿಯಾಗಲಿ ಹೊಸದಾಗಿ ರಚಿಸಲಿಲ್ಲ. ಅವು ಟಿಪ್ಪುವಿನ ಮಾತುಗಳೇ. ದೇವರ ಸಿಂಹ ಎಂಬುದು ಹಜರತ್ ಅಲಿಯವರ ಬಿರುದು. ಟಿಪ್ಪುವಿನ ಆಯುಧಗಳ ಮೇಲೆ ಇದೇ ವಾಕ್ಯವನ್ನು ಹುಲಿಯ ಮುಖದ ಆಕಾರದಲ್ಲಿ ಬರೆಸಲಾಗಿತ್ತು. ಅಲ್ಲಿ ಅಕ್ಷರಗಳಲ್ಲಿ ಸಿಂಹ, ಆಕಾರದಲ್ಲಿ ಹುಲಿ, ಎರಡೂ ಒಂದೇ. ಪದಕವು ಈ ಒಂದನ್ನು ಎರಡಾಗಿ ಒಡೆಯಿತು: ವಾಕ್ಯದೊಳಗಿನ ಸಿಂಹವನ್ನು ಇಂಗ್ಲೆಂಡಿನ ಲಾಂಛನದ ಸಿಂಹಕ್ಕೆ ಕೊಟ್ಟು, ಆಕಾರದ ಹುಲಿಯನ್ನು ಅದರ ಕಾಲ ಕೆಳಗೆ ಹಾಕಿತು. ಸೋತವನ ಧ್ಯೇಯವಾಕ್ಯದ ಒಂದಕ್ಷರವನ್ನೂ ಬದಲಿಸದೆ ಅದನ್ನು ಸೋತವನ ವಿರುದ್ಧವೇ ಸಾಕ್ಷಿಯಾಗಿ ನಿಲ್ಲಿಸಿದ ಈ ಕ್ರಿಯೆ ತೌಲನಿಕ ಸಾಹಿತ್ಯದ ತರಗತಿಯಲ್ಲಿ ಪಾಠವಾಗಬೇಕಾದಂಥದು. ಪದ ಉಳಿದು ಅರ್ಥದ ಒಡೆತನ ಬದಲಾಗುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ವಿರಳ.

ಆದರೆ ಈ ಸಂವಾದ ಪೂರ್ತಿಯಾಗಿ ಅರಬ್ಬಿ, ಪಾರಸಿ ಮತ್ತು ಇಂಗ್ಲಿಷುಗಳ ನಡುವೆ ನಡೆದಿದೆ. ಯಾರ ನೆಲಕ್ಕಾಗಿ ಯುದ್ಧವಾಯಿತೋ ಅವರ ಮಾತುಗಳಾದ ಕನ್ನಡ, ತಮಿಳುಗಳಿಗೆ ಎರಡೂ ಪದಕಗಳಲ್ಲಿ ಎಡೆಯಿಲ್ಲ. ಕೊಂಗುನಾಡಿನ ಕನ್ನಡಿಗರಿಗೆ ಇದು ಬರಿಯ ಕೊರತೆಯ ಮಾತಲ್ಲ. 1799ರ ಮೇ 4 ಅವರ ಭಾಷಾಸ್ಥಿತಿಯ ದಿನಾಂಕವೂ ಹೌದು. ಅದಕ್ಕೆ ಮೊದಲೂ ಅವರು ತಮಿಳರ ನಡುವೆ ಸಂಖ್ಯೆಯಲ್ಲಿ ಕಡಿಮೆಯೇ ಇದ್ದರು. ಆದರೆ ಅವರ ನಾಡು ಕನ್ನಡದ ರಾಜಧಾನಿಯೊಂದಕ್ಕೆ ಕಪ್ಪ ಕೊಡುತ್ತಿತ್ತು. ಆ ದಿನದ ನಂತರ ಅವರ ಕಚೇರಿ ಮದರಾಸಿನ ಕಡೆಗೆ ತಿರುಗಿತು. ಕನ್ನಡವೇ ಪ್ರಧಾನವಾಗಿದ್ದ ಕೊಳ್ಳೇಗಾಲ ತಾಲ್ಲೂಕು ಪಲ್ಲಡಂ ತಾಲ್ಲೂಕಿನೊಡನೆ ಒಂದೇ ಕೊಯಮತ್ತೂರು ಜಿಲ್ಲೆಯಲ್ಲಿ ಉಳಿದು, 1956ರ ನವೆಂಬರ್ 1ರ ರಾಜ್ಯ ಪುನರ್‌ವಿಂಗಡಣೆಯಲ್ಲಿ ಮೈಸೂರು ರಾಜ್ಯವನ್ನು ಸೇರಿತು. ತಾಳವಾಡಿ ಸೇರಲಿಲ್ಲ, ಪಲ್ಲಡಂ, ಕೊಯಮತ್ತೂರುಗಳ ಕನ್ನಡ ಕೇರಿಗಳ ಮಾತನ್ನು ಯಾರೂ ಎತ್ತಲಿಲ್ಲ. ಸಿಂಹ ಹುಲಿಗಳ ಆ ಪದಕವನ್ನು ಸಂಗ್ರಹಾಲಯದ ಗಾಜಿನ ಹಿಂದೆ ನೋಡುವಾಗ ಇಲ್ಲಿಯ ಕನ್ನಡಿಗನು ತಾನು ಅಲ್ಪಸಂಖ್ಯಾತನಾದ ಆಡಳಿತದ ಹುಟ್ಟಿನ ದಾಖಲೆಯನ್ನೂ ನೋಡುತ್ತಿರುತ್ತಾನೆ.

ಲಿಪಿ ಬದಲಾದ ಪದಕಗಳು

ಪದಕದ ಮೇಲೆ ಯಾವ ಲಿಪಿ ಇರಬೇಕೆಂಬುದು ರಾಜಕೀಯದ ತೀರ್ಮಾನವೆಂಬುದಕ್ಕೆ ದೂರದ ಉದಾಹರಣೆಯೊಂದು ನೆರವಾಗುತ್ತದೆ. ಪದಕ ಸಂಗ್ರಾಹಕರಲ್ಲಿ ಮಂಗೋಲಿಯದ ಪದಕಗಳನ್ನೇ ಹುಡುಕಿ ಅಧ್ಯಯನ ಮಾಡುವ ಒಂದು ಗುಂಪಿದೆ. 1924ರಲ್ಲಿ ಜನತಾ ಗಣರಾಜ್ಯವಾದ ಆ ದೇಶ ಸೋವಿಯತ್ ಮಾದರಿಯಲ್ಲಿ ಪದಕಗಳನ್ನು ಸ್ಥಾಪಿಸಿತು. 1936ರಲ್ಲಿ ಹುಟ್ಟಿದ 'ಅಲ್ತನ್ ಗದಸ್', ಎಂದರೆ ಧ್ರುವತಾರೆ, ಅವುಗಳಲ್ಲಿ ಹೆಸರಾದುದು. ಈ ಪದಕಗಳು ಬಹುಮಟ್ಟಿಗೆ ಸೋವಿಯತ್ ಟಂಕಸಾಲೆಗಳಲ್ಲಿ ತಯಾರಾದವು. ಆರಂಭದ ಮಾದರಿಗಳಲ್ಲಿ ಮೇಲಿನಿಂದ ಕೆಳಗಿಳಿಯುವ ಹಳೆಯ ಮಂಗೋಲ್ ಲಿಪಿಯಿದೆ. 1940ರ ದಶಕದಲ್ಲಿ ದೇಶ ಸಿರಿಲಿಕ್ ಲಿಪಿಗೆ ಹೊರಳಿದ ಮೇಲೆ ಪದಕಗಳ ಲಿಪಿಯೂ ಹೊರಳಿತು. ಆದ್ದರಿಂದ ಅಲ್ಲಿಯ ಸಂಗ್ರಾಹಕನು ಕಾಲನಿರ್ಣಯಕ್ಕೆ ಮೊದಲು ನೋಡುವುದು ಲಿಪಿಯನ್ನು; ಅನಂತರ ಹಿಂಬದಿಯ ಕ್ರಮಸಂಖ್ಯೆಯನ್ನು, ಅದು ಪದಕದೊಡನೆ ಕೊಟ್ಟ ಪುಸ್ತಿಕೆಯ ಸಂಖ್ಯೆಗೆ ಹೊಂದುತ್ತದೆಯೇ ಎಂಬುದನ್ನು. ಪುಸ್ತಿಕೆಯಿಂದ ಬೇರ್ಪಟ್ಟ ಪದಕ ಅವನಿಗೆ ಅರ್ಧ ಮೂಕವಾದಂತೆ.

ನಮ್ಮ ಪದಕಗಳಿಗೂ ಈ ಕ್ರಮ ಒಪ್ಪುತ್ತದೆ. ಬೇರೊಂದು ದೇಶದ ಟಂಕಸಾಲೆಯಲ್ಲಿ ಅಚ್ಚಾದ ಗೌರವ, ಪ್ರಭುತ್ವದೊಡನೆ ಬದಲಾಗುವ ಲಿಪಿ ಎರಡೂ ನಮಗೆ ಪರಿಚಿತ. 1792ರಲ್ಲಿ ಪಾರಸಿ ಮತ್ತು ಇಂಗ್ಲಿಷ್. ಮೊದಲ ಮಹಾಯುದ್ಧದಲ್ಲಿ ಲ್ಯಾಟಿನ್ ಮತ್ತು ಇಂಗ್ಲಿಷ್. 1950ರ ಜನವರಿ 26ರಂದು ಸ್ಥಾಪಿತವಾಗಿ, ಸಾವಿತ್ರಿ ಖಾನೋಲ್ಕರ್ ಅವರು ವಿನ್ಯಾಸಗೊಳಿಸಿದ ಪರಮವೀರ ಚಕ್ರದ ಹಿಮ್ಮುಖದಲ್ಲಿ ಹಿಂದಿ ಮತ್ತು ಇಂಗ್ಲಿಷ್. ಪ್ರಭುತ್ವ ಬದಲಾದಂತೆ ಜೋಡಿಯ ಒಂದು ಭಾಷೆ ಬದಲಾಗಿದೆ, ಇಂಗ್ಲಿಷ್ ಉಳಿದಿದೆ, ಪಡೆಯುವವನ ಮನೆಮಾತು ಈ ಯಾವ ಪದಕದ ಮುಖದ ಮೇಲೂ ಬಂದಿಲ್ಲ.

ಕನ್ನಡದಲ್ಲಿ ಗೌರವದ ಬರಹ

ಹಾಗೆಂದು ಶೌರ್ಯಕ್ಕೆ ಸಲ್ಲಿಸಿದ ಗೌರವವನ್ನು ಕನ್ನಡದಲ್ಲಿ ಬರೆದಿಡುವ ಪರಂಪರೆ ಇರಲಿಲ್ಲವೆನ್ನಲಾಗದು. ಗಂಡಪೆಂಡೆರ, ವೀರಪಟ್ಟ, ಮಡಿದವನ ಮನೆಗೆ ಕೊಟ್ಟ ನೆತ್ತರುಗೊಡಗೆ ಮೊದಲಾದ ಪದಗಳೇ ಅದಕ್ಕೆ ಸಾಕ್ಷಿ. ಈ ಚರ್ಚೆಗೆ ಅತ್ಯಂತ ಪ್ರಸ್ತುತವಾದುದು ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನ. ಶಕ ವರ್ಷ 872ರ, ಎಂದರೆ ಕ್ರಿಸ್ತಶಕ 949–50ರ ಈ ಕನ್ನಡ ಶಾಸನದ ಹಿನ್ನೆಲೆ ತಮಿಳುನಾಡಿನ ತಕ್ಕೋಲಂ ಯುದ್ಧ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದದ್ದು, ಬೂತುಗನು ತನ್ನ ಭಟ ಮಣಲೇರನಿಗೆ ಊರುಗಳನ್ನು ಬಾಳ್ಗಚ್ಚಾಗಿ ಕೊಟ್ಟದ್ದು ಅದರಲ್ಲಿ ದಾಖಲಾಗಿವೆ. ಮಣಲೇರನು ಒಡೆಯನಿಂದ ಬೇಡಿ ಪಡೆದ ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡಿ ಸತ್ತದ್ದು, ಅದರ ನೆನಪಿಗೆ ಕಲ್ಲು ನಿಲ್ಲಿಸಿ ಪೂಜೆಗೆ ಭೂಮಿ ಬಿಟ್ಟದ್ದು ಕೂಡ ಅಲ್ಲಿವೆ.

ಈ ಶಾಸನವನ್ನು 1799ರ ಪದಕದ ಪಕ್ಕದಲ್ಲಿಟ್ಟು ಓದುವುದು ಉಪಯುಕ್ತ. ಎರಡೂ ಗೆದ್ದವರ ಬರಹಗಳೇ, ಎರಡರಲ್ಲಿಯೂ ಪಕ್ಷಪಾತವಿದೆ. ಎರಡರಲ್ಲಿಯೂ ಕಾದಾಡುವ ಮೃಗಗಳಿವೆ. ಆದರೆ ಶಾಸನದಲ್ಲಿ ಕೊಟ್ಟವನ ಹೆಸರಿದೆ, ಪಡೆದವನ ಹೆಸರಿದೆ, ಕೊಟ್ಟುದೇನೆಂಬುದಿದೆ, ಕಾರಣವಿದೆ, ನಾಯಿಗೂ ಹೆಸರಿದೆ. ಪದಕದ ಸಿಂಹ ಹುಲಿಗಳು ಸಂಕೇತಗಳು ಮಾತ್ರ. ಅದನ್ನು ಪಡೆದ ಹತ್ತಾರು ಸಾವಿರ ಜನರಲ್ಲಿ ಒಬ್ಬನ ಹೆಸರೂ ಅದರ ಮೇಲಿಲ್ಲ. ಆ ಕಾಲದ ಕಂಪನಿ ಪದಕಗಳಿಗೆ ಅಂಚಿನ ಬರಹವಿರಲಿಲ್ಲ. ಇಂದು ಯಾರಾದರೂ ಅಂತಹ ಪದಕವೊಂದನ್ನು ತಂದು, ಇದು ನಮ್ಮ ಮುತ್ತಜ್ಜನದು ಎಂದರೆ ಪದಕ ತಾನೇ ಆ ಮಾತನ್ನು ಸಮರ್ಥಿಸಲಾರದು, ಅಲ್ಲಗಳೆಯಲಾರದು.

ಅಂಚಿಗೆ ಹೆಸರು ಬಂದ ಬಗೆ

ಪದಕದ ಅಂಚಿನ ಮೇಲೆ ಪಡೆದವನ ಹೆಸರನ್ನು ಒತ್ತುವ ವಾಡಿಕೆ ಬ್ರಿಟಿಷ್ ಸೇನೆಯಲ್ಲಿ ವಾಟರ್ಲೂ ಕಾಳಗದ ಪದಕದಿಂದ ನೆಲೆಗೊಂಡಿತು. ಭಾರತದಲ್ಲಿ 1803ರಿಂದ 1826ರವರೆಗಿನ ಯುದ್ಧಗಳಿಗೆ 1851ರಲ್ಲಿ ಮಂಜೂರಾದ ಆರ್ಮಿ ಆಫ್ ಇಂಡಿಯಾ ಪದಕದ ಅಂಚಿನಲ್ಲಿ ಹೆಸರುಗಳಿವೆ. ಆದರೆ ಅದು ಸಿಕ್ಕಿದ್ದು ಅಲ್ಲಿಯವರೆಗೆ ಬದುಕುಳಿದವರಿಗೆ ಮಾತ್ರ. ಮೊದಲ ಮಹಾಯುದ್ಧದ ಹೊತ್ತಿಗೆ ಸಾಮಾನ್ಯ ಸೈನಿಕನ ಹೆಸರು ಅಂಚಿಗೆ ಬರುವುದು ನಿಯಮವೇ ಆಗಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರದ ಮೇಲೆ ಜೋಧಪುರದವರೊಡನೆ ದಾಳಿ ನಡೆಸಿದ ಮೈಸೂರು ಲ್ಯಾನ್ಸರ್ಸ್ ದಳದವರೂ, ಬೆಂಗಳೂರಿನಲ್ಲಿ ನೆಲೆಯಿದ್ದ ಸ್ಯಾಪರ್ಸ್ ದಳದವರೂ ಹೀಗೆ ಪದಕಗಳ ಅಂಚಿನಲ್ಲಿದ್ದಾರೆ.

ಭಾಷಾ ಅಲ್ಪಸಂಖ್ಯಾತರ ಅಧ್ಯಯನಕ್ಕೆ ಈ ಅಂಚೇ ಮುಖ್ಯ ಆಕರ. ಅದರ ತೊಡಕುಗಳೂ ಅಷ್ಟೇ ಮುಖ್ಯ. ಕನ್ನಡ ಮನೆಮಾತಿನ ಪಲ್ಲಡದವನೊಬ್ಬ ಸೇನೆ ಸೇರಿದಾಗ ಅವನ ಹೆಸರು ಮೂರು ಕಿವಿಗಳನ್ನು ದಾಟಿತು: ಅವನು ಹೇಳಿದ್ದು, ತಮಿಳು ಬಲ್ಲ ಗುಮಾಸ್ತ ಕೇಳಿಸಿಕೊಂಡದ್ದು, ಇಂಗ್ಲಿಷಿನಲ್ಲಿ ಬರೆದದ್ದು. ಪದದ ಮೊದಲ ಕಕಾರ ಗಕಾರಗಳ, ತಕಾರ ದಕಾರಗಳ ವ್ಯತ್ಯಾಸ ತಮಿಳು ಲಿಪಿಯಲ್ಲಿ ಕಾಣುವುದಿಲ್ಲ. ಆದ್ದರಿಂದ ಗ, ದ, ಬಗಳಿಂದ ಮೊದಲಾಗುವ ಕನ್ನಡದ ಹೆಸರುಗಳು ರೋಮನ್ ಲಿಪಿಗೆ ಬರುವಾಗ ಬೇರೆ ಅಕ್ಷರಗಳಿಂದ ಮೊದಲಾಗಿರುವ ಸಾಧ್ಯತೆ ಇದ್ದೇ ಇದೆ. ಅಪ್ಪ, ಅಯ್ಯ ಎಂಬ ಕೊನೆಗಳು ಅಪ್ಪನ್, ಅಯ್ಯನ್ ಆಗಬಹುದು. ಒಕ್ಕಲಿಗ ಮನೆತನದ ಗೌಡ ಎಂಬುದು ಕೊಂಗಿನಲ್ಲಿ ಗೌಂಡರ್ ಆಗುವುದು ಎಲ್ಲರಿಗೂ ತಿಳಿದ ಸಂಗತಿ. ಅಂಚಿನ ಹೆಸರನ್ನು ನೋಡಿ ಇವನು ತಮಿಳನೆಂದೋ ಕನ್ನಡಿಗನೆಂದೋ ತೀರ್ಮಾನಿಸುವುದು ಈ ಕಾರಣದಿಂದ ಅಪಾಯಕರ. ಹೆಸರಿನ ತಪ್ಪು ಕಾಗುಣಿತವನ್ನು ತಿದ್ದಿ ಬರೆದುಕೊಳ್ಳುವುದು ಅದಕ್ಕಿಂತ ಅಪಾಯಕರ. ಆ ತಪ್ಪಿನಲ್ಲಿಯೇ ಉಚ್ಚಾರಣೆಯ ಸಾಕ್ಷ್ಯವಿರುತ್ತದೆ.

ಅಂಚಿನ ಬರಹದಿಂದ ದಾಖಲೆಗಳತ್ತ ಸಾಗಲು ದಾರಿಗಳಿವೆ. ಪದಕ ಪಡೆದವರ ಪಟ್ಟಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿಯೂ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿಯೂ ಇವೆ. ಮದರಾಸು 1799ರ ನಂತರದ ಆಡಳಿತ ಕೇಂದ್ರವಾದುದರಿಂದ ಕೊಯಮತ್ತೂರು ಜಿಲ್ಲೆಯ ಕಡತಗಳಿಗೆ ಚೆನ್ನೈ ಎಳುಂಬೂರಿನ ತಮಿಳುನಾಡು ಪತ್ರಾಗಾರವನ್ನೂ, ಮೈಸೂರು ಸಂಸ್ಥಾನದ ದಳಗಳಿಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರವನ್ನೂ ನೋಡಬೇಕು. ಒಂದೇ ಕುಟುಂಬದ ಎಳೆ ಎರಡು ರಾಜ್ಯಗಳ ಪತ್ರಾಗಾರಗಳಲ್ಲಿ ಹಂಚಿಹೋಗಿರಬಹುದು. ದ್ವಿಭಾಷಿಕ ಸಂಶೋಧಕನ ಅನುಕೂಲವಿರುವುದು ಇಲ್ಲಿಯೇ.

ಕೈಗೆ ಬಂದ ಪದಕವನ್ನು ಓದುವ ಕ್ರಮ

ಕ್ಷೇತ್ರಕಾರ್ಯಕ್ಕೆ ಹೊರಟವರು ಪದಕ ಹುಡುಕಿಕೊಂಡು ಹೋಗುವುದು ವಿರಳ. ಹಾಡು, ಗಾದೆ, ವಂಶಾವಳಿ ಕೇಳಲು ಹೋದಾಗ ಪದಕ ತಾನಾಗಿ ಎದುರಾಗುತ್ತದೆ. ಆಗ ಪಾಲಿಸಬಹುದಾದ ಕ್ರಮವನ್ನು ಸಂಕ್ಷೇಪವಾಗಿ ಹೇಳಬಹುದು.

ಮೊದಲನೆಯದಾಗಿ, ಪದಕವನ್ನು ಉಜ್ಜಿ ತೊಳೆಯಬಾರದು. ತೊಳೆಯದಂತೆ ಮನೆಯವರಿಗೂ ವಿನಯದಿಂದ ತಿಳಿಸಬೇಕು. ಹುಣಸೆ, ಬೂದಿ, ಅಂಗಡಿಯ ಪಾಲಿಶ್ ಪುಡಿ ಎಲ್ಲವೂ ಅಕ್ಷರದ ಅಂಚನ್ನು ತಿನ್ನುತ್ತವೆ. ಪೂಜೆಗೆ ಒದ್ದೆ ಬಟ್ಟೆಯಿಂದ ಮುಖಗಳನ್ನು ಒರೆಸಿ, ಅಂಚನ್ನು ಮುಟ್ಟದೆ ಬಿಡಿ ಎಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಎರಡನೆಯದಾಗಿ, ಎರಡು ಮುಖಗಳ ಚಿತ್ರಗಳಲ್ಲದೆ ಅಂಚನ್ನು ತಿರುಗಿಸುತ್ತ, ಪಕ್ಕದಿಂದ ಬೆಳಕು ಬೀಳುವಂತೆ ಹಲವು ಚಿತ್ರಗಳನ್ನು ತೆಗೆಯಬೇಕು. ನೇರ ಬೆಳಕಿನಲ್ಲಿ ಕಾಣದ ಅಕ್ಷರ ಓರೆ ಬೆಳಕಿನಲ್ಲಿ ನೆರಳಾಗಿ ಕಾಣಿಸಿಕೊಳ್ಳುತ್ತದೆ. ಶಾಸನ ಓದುವವರಿಗೆ ಈ ಉಪಾಯ ಹೊಸದಲ್ಲ.

ಮೂರನೆಯದಾಗಿ, ವ್ಯಾಸ ಮತ್ತು ತೂಕವನ್ನು ಅಳೆಯಬೇಕು. ಶ್ರೀರಂಗಪಟ್ಟಣದ ಪದಕ ಸೋಹೋ ಟಂಕಸಾಲೆಯಲ್ಲಿ 48 ಮಿಲಿಮೀಟರ್ ವ್ಯಾಸದಲ್ಲಿ ಅಚ್ಚಾದುದು; ಕಲ್ಕತ್ತೆಯಲ್ಲಿ ಅಚ್ಚಾದ ಸುಮಾರು 45 ಮಿಲಿಮೀಟರ್‌ನ ಮಾದರಿಯೂ ಇದೆ. ಅಸಲಿನಿಂದ ಅಚ್ಚು ತೆಗೆದು ಎರಕ ಹೊಯ್ದ ನಕಲುಗಳು ಲೋಹ ಕುಗ್ಗುವುದರಿಂದ ಅಸಲಿಗಿಂತ ತುಸು ಚಿಕ್ಕವಾಗಿರುತ್ತವೆ. ಗೆರೆಗಳು ಮೊಂಡಾಗಿರುವುದು, ಮೈಮೇಲೆ ಸಣ್ಣ ಗುಳಿಗಳು, ಅಂಚಿನ ಸುತ್ತ ಬೆಸುಗೆಯ ಗೆರೆ ಇವೂ ಎರಕದ ಲಕ್ಷಣಗಳು.

ನಾಲ್ಕನೆಯದಾಗಿ, ಮನೆಯವರು ಹೇಳುವ ಕತೆಯನ್ನು ಪದಕದ ವಿವರದೊಡನೆ ಬೆರೆಸದೆ ಬೇರೆಯಾಗಿ, ಅವರದೇ ಮಾತಿನಲ್ಲಿ ಬರೆದುಕೊಳ್ಳಬೇಕು. ಕತೆ ಮತ್ತು ಅಂಚು ಒಂದನ್ನೊಂದು ಸಮರ್ಥಿಸದಿದ್ದರೆ ಎರಡನ್ನೂ ಹಾಗೆಯೇ ಉಳಿಸಬೇಕು. ಮನೆಯವರ ನಂಬಿಕೆಯನ್ನು ಅವರೆದುರಿಗೆ ಕೆಡಿಸುವುದು ಸಂಶೋಧನೆಯಲ್ಲ. ಲೇಖನದಲ್ಲಿ ಅದನ್ನೇ ಪ್ರಮಾಣವೆಂದು ಬರೆಯುವುದೂ ಸಂಶೋಧನೆಯಲ್ಲ.

ಐದನೆಯದಾಗಿ, ಕೊಳ್ಳುವ ಆಸೆಯನ್ನು ತಡೆಯಬೇಕು. ಮನೆಯಿಂದ ಹೊರಬಿದ್ದ ಪದಕ ತನ್ನ ನಾಲ್ಕನೆಯ ಪದರವನ್ನು ಕಳೆದುಕೊಳ್ಳುತ್ತದೆ. ಇದರ ಜೊತೆಗೆ 1972ರ ಪುರಾವಸ್ತು ಮತ್ತು ಕಲಾಸಂಪತ್ತು ಕಾಯ್ದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ವಸ್ತುಗಳು ಪುರಾವಸ್ತುಗಳ ವ್ಯಾಖ್ಯೆಯೊಳಗೆ ಬರುತ್ತವೆ. ಅವುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಮೊದಲ ಮಹಾಯುದ್ಧದ ಪದಕಗಳು ಈಗ ಆ ವಯಸ್ಸನ್ನು ಮುಟ್ಟಿವೆ ಎಂಬುದನ್ನು ವಿದೇಶದಿಂದ ಬೆಲೆ ಕೇಳುವವರಿಗೆ ಉತ್ತರಿಸುವ ಮುನ್ನ ನೆನಪಿಡಬೇಕು.

ಪಲ್ಲಡಂ ಮನೆಗೆ ಮತ್ತೆ

ವಿದ್ಯುತ್ ಮಗ್ಗಗಳ ಸದ್ದು ಹಗಲಿರುಳೂ ಕೇಳುವ ಆ ಕೇರಿಗೆ ನಾನು ಎರಡನೆಯ ಬಾರಿ ಹೋದಾಗ ಓರೆ ಬೆಳಕಿನ ಚಿತ್ರಗಳನ್ನು ತೆಗೆದೆ. ಹೆಸರಿನಲ್ಲಿ ಮತ್ತೊಂದು ಅಕ್ಷರ ಕಂಡಿತು, ಸಂಖ್ಯೆಯಲ್ಲಿ ಮತ್ತೊಂದು ಅಂಕಿ. ದಳ ಯಾವುದೆಂಬುದು ಖಚಿತವಾದುದರಿಂದ ಯಾವ ಪಟ್ಟಿಯಲ್ಲಿ ಹುಡುಕಬೇಕೆಂಬುದು ತಿಳಿಯಿತು. ಆ ಹುಡುಕಾಟ ಇನ್ನೂ ನಡೆದಿದೆ. ಅಂಚಿನ ಬರಹ ಪೂರ್ತಿ ಸಿಗದೆ ಹೋಗಬಹುದು. ಆದರೆ ಮುಮ್ಮುಖದ ದೊರೆಯನ್ನೂ ಹಿಮ್ಮುಖದ ಸವಾರನನ್ನೂ ಎಲ್ಲ ಪುಸ್ತಕಗಳೂ ವಿವರಿಸುತ್ತವೆ. ಈ ನಾಲ್ಕು ಅಕ್ಷರಗಳನ್ನು ಓದುವವರು ಈ ಕೇರಿಯ ಕನ್ನಡವನ್ನು ಬಲ್ಲವರೇ ಆಗಬೇಕು.

ಹೊರಡುವಾಗ ಹಿರಿಯರು ಒಂದು ಕಾಗದ ತರಿಸಿ, ತಮ್ಮ ಅಜ್ಜನ ಹೆಸರನ್ನು ಕನ್ನಡದಲ್ಲಿ ಬರೆದುಕೊಡಬೇಕೆಂದು ಕೇಳಿದರು. ಅವರಿಗೆ ಕನ್ನಡ ಮಾತು ಬರುತ್ತದೆ, ಲಿಪಿ ಬಾರದು. ಅವರು ಓದಿದ್ದು ತಮಿಳು ಶಾಲೆಯಲ್ಲಿ. ಅವರು ಉಚ್ಚರಿಸಿದಂತೆಯೇ ಬರೆದುಕೊಟ್ಟೆ. ಅದರ ಕೆಳಗೆ ತಮಿಳಿನಲ್ಲಿ ತಾವೇ ಮತ್ತೊಮ್ಮೆ ಬರೆದು, ಕಾಗದವನ್ನು ಮಡಿಸಿ ಪದಕದೊಡನೆ ದೇವರ ಪೆಟ್ಟಿಗೆಯಲ್ಲಿಟ್ಟರು.